ಮನೆ ಸಾಗಿಸುವವರ ಸುರಕ್ಷಾ ಸಾಮಾನು: ಕರಾವಳಿಯ ಮೆಟ್ಟಿಲಿಗೂ ಮಳೆಗೂ ಯಾವುದು ಆದೀತು?

ಪ್ಯಾಕರ್ಸ್ ಆ್ಯಂಡ್ ಮೂವರ್ಸ್ ಕೆಲಸಕ್ಕೆಂದು ಟ್ರಾಲಿ, ಹೆಗಲ ಬೆಲ್ಟು, ಸೊಂಟದ ಪಟ್ಟಿ, ಗ್ಲೌಸು, ಶೂ, ಟೆಂಪೋದಲ್ಲಿ ಸಾಮಾನು ಬಿಗಿದು ಕಟ್ಟುವ ರ‍್ಯಾಚೆಟ್ ಬೆಲ್ಟು ಎಲ್ಲವೂ ಈಗ ಆನ್‌ಲೈನಿನಲ್ಲಿ ಸಿಗುತ್ತವೆ, ಬಂದರಿನ ಹಾರ್ಡ್‌ವೇರ್ ಅಂಗಡಿಗಳಲ್ಲೂ ಸಿಗುತ್ತವೆ. ಆದರೆ ಇವುಗಳಲ್ಲಿ ಅರ್ಧದಷ್ಟು ಸಪಾಟು ನೆಲ ಮತ್ತು ಲಿಫ್ಟ್ ಇರುವ ಕಟ್ಟಡಗಳನ್ನು ನೋಡಿ ಮಾಡಿದವು. ಮಂಗಳೂರಿನ ಕದ್ರಿ, ಬೆಂದೂರು, ಬಿಜೈ ಕಡೆಯ ಏರಿನ ಮನೆಗಳಿಗೆ ಗೇಟಿನಿಂದಲೇ ಮೆಟ್ಟಿಲು. ರಥಬೀದಿಯ ಹಿಂದಿನ ಓಣಿಗಳಿಗೆ ಟೆಂಪೋ ಹೋಗುವುದಿಲ್ಲ. ಶಾಲೆ ಸುರುವಾಗುವ ಮೊದಲು ಮನೆ ಬದಲಿಸುವವರು ಹೆಚ್ಚು, ಮಳೆ ಹಿಡಿಯುವುದೂ ಅದೇ ಹೊತ್ತಿಗೆ. ಮಂಗಳೂರು ಮತ್ತು ಉಡುಪಿಯಲ್ಲಿ ಲೋಡಿಂಗ್ ಹುಡುಗರನ್ನು ಇಟ್ಟುಕೊಂಡು ಕೆಲಸ ಮಾಡಿಸುವ ಸಣ್ಣ ಕಂಪೆನಿಯವರು ದುಡ್ಡು ಹಾಕುವ ಮೊದಲು ಏನು ನೋಡಬೇಕು ಎನ್ನುವ ಲೆಕ್ಕದಲ್ಲಿ ಈ ವಿಮರ್ಶೆ. ಕೈಯಲ್ಲಿ ಇರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಟ್ರಾಲಿ ಬಿಟ್ಟು ಎಲ್ಲರಿಗೂ ಶೂ ಕೊಡಿಸಿ. ಕಾರಣ ಮುಂದೆ ಬರುತ್ತದೆ.

ಮೊದಲು ಭಾರದ ಅಂದಾಜು ಇರಲಿ. ಖಾಲಿ ಮಾಡಿದ ಎರಡು ಬಾಗಿಲಿನ ಸ್ಟೀಲ್ ಕಪಾಟು 70ರಿಂದ 100 ಕಿಲೋ ತೂಗುತ್ತದೆ. ಮುಂದಿನಿಂದ ಬಟ್ಟೆ ಹಾಕುವ ವಾಷಿಂಗ್ ಮೆಷಿನ್ 60ರಿಂದ 75 ಕಿಲೋ. ಅದರೊಳಗೆ ಡ್ರಮ್ಮು ಅಲುಗದಂತೆ ಕಾಂಕ್ರೀಟ್ ಗಟ್ಟಿ ಕೂರಿಸಿರುವುದರಿಂದ ಭಾರ ನಟ್ಟನಡುವೆ ಇರುವುದಿಲ್ಲ. ಇನ್‌ವರ್ಟರಿನ 150 ಎಎಚ್ ಟ್ಯೂಬ್ಯುಲರ್ ಬ್ಯಾಟರಿ ಸುಮಾರು 55–60 ಕಿಲೋ. ಹಳೆಯ ಮನೆಗಳ ಕಡೆಯುವ ಕಲ್ಲು ಮತ್ತು ಬೀಟೆ ಮರದ ಮಂಚ ಎತ್ತುವವರೆಗೆ ಲೆಕ್ಕಕ್ಕೇ ಸಿಗುವುದಿಲ್ಲ. ಕೆಲಸಗಾರರ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ 1991ರ ಸೂತ್ರದ ಪ್ರಕಾರ ಎಲ್ಲವೂ ಅನುಕೂಲವಾಗಿದ್ದಾಗಲೂ ಒಬ್ಬ ಎತ್ತಬಹುದಾದದ್ದು 23 ಕಿಲೋ. ಮೈಯಿಂದ ದೂರ ಹಿಡಿದರೆ, ಸೊಂಟ ತಿರುಗಿಸಿದರೆ, ನೆಲದಿಂದ ಎತ್ತಿದರೆ ಅದೂ ಇಳಿಯುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1967ರ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ ಹೇಳಿರುವ ಗರಿಷ್ಠ ಮಿತಿ 55 ಕಿಲೋ. ಒಂದು ಬ್ಯಾಟರಿಯನ್ನು ಒಬ್ಬನೇ ಹೆಗಲಿಗೆ ಏರಿಸಿದರೆ ಆ ಮಿತಿಯೂ ಮುಗಿಯಿತು.

ಈಗ ಟ್ರಾಲಿ. ಪ್ರತಿ ಬದಿಯಲ್ಲಿ ಮೂರು ಚಕ್ರ ತ್ರಿಕೋನವಾಗಿ ಕೂತಿರುವ ‘ಮೆಟ್ಟಿಲು ಹತ್ತುವ ಟ್ರಾಲಿ’ಗೆ ಜಾಹೀರಾತು ಜೋರು. ಒಂದು ಚಕ್ರ ಮೆಟ್ಟಿಲಿನ ಮೂಲೆಗೆ ತಾಗಿದಾಗ ಇಡೀ ತ್ರಿಕೋನ ತಿರುಗಿ ಮುಂದಿನ ಚಕ್ರ ಮೇಲಿನ ಮೆಟ್ಟಿಲಿಗೆ ಕೂರುತ್ತದೆ. ಹೊಸ ಅಪಾರ್ಟ್‌ಮೆಂಟುಗಳಲ್ಲಿ ಮೆಟ್ಟಿಲುಗಳ ಎತ್ತರ ಒಂದೇ ಸಮ ಇರುವುದರಿಂದ ಅಲ್ಲಿ ಇದು ಒಳ್ಳೆಯ ಕೆಲಸಗಾರ. ಮುರಕಲ್ಲಿನ ಮೆಟ್ಟಿಲಿನ ಕತೆ ಬೇರೆ. ಒಂದು ಮೆಟ್ಟಿಲು ಆರಿಂಚು, ಇನ್ನೊಂದು ಒಂಬತ್ತು, ಅಂಚು ಸವೆದು ಉರುಟಾಗಿರುತ್ತದೆ. ಎತ್ತರ ಹೆಚ್ಚಿರುವಲ್ಲಿ ಮೇಲಿನ ಚಕ್ರ ಮೆಟ್ಟಿಲಿನ ಮೇಲೆ ಕೂರದೆ ಮುಖಕ್ಕೆ ಒತ್ತಿ ನಿಲ್ಲುತ್ತದೆ. ಆಗ ಮೇಲಿರುವವನು ಜಗ್ಗುತ್ತಾನೆ. ಚಕ್ರ ಒಮ್ಮೆಲೇ ಬಿಟ್ಟುಕೊಂಡು ಟ್ರಾಲಿ ಹಾರಿದಂತೆ ಮೇಲೆ ಬರುವಾಗ ಅವನು ಹಿಂದಕ್ಕೆ ಕೂರುತ್ತಾನೆ, ಕೆಳಗಿದ್ದವನ ಕಡೆಗೆ ಭಾರ ವಾಲುತ್ತದೆ. ಖರೀದಿಗೆ ಮೊದಲು ತ್ರಿಕೋನದ ಅಳತೆ ನೋಡಿ, ನೀವು ಹೆಚ್ಚಾಗಿ ಹೋಗುವ ಕಡೆಯ ಮೆಟ್ಟಿಲನ್ನು ಟೇಪು ಹಿಡಿದು ಅಳೆಯಿರಿ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಟ್ರಾಲಿ ಹಾಕಿದರೆ ಭಾರ ಹೋಯಿತು ಎಂದು ಹುಡುಗರನ್ನು ಕಡಿಮೆ ಮಾಡುತ್ತಾರೆ. ಮೂವತ್ತು ಡಿಗ್ರಿ ಏರಿನಲ್ಲಿ 80 ಕಿಲೋ ಫ್ರಿಜ್ಜನ್ನು ಎಳೆಯಲು ಬರೀ ಇಳಿಜಾರಿನ ಲೆಕ್ಕಕ್ಕೇ 40 ಕಿಲೋ ಬಲ ಬೇಕು. ಮೇಲೆ ತಿಕ್ಕಾಟ ಮತ್ತು ಪ್ರತಿ ಮೆಟ್ಟಿಲಿನ ಹೊಡೆತ ಬೇರೆ. ಇಳಿಸುವಾಗ ಈ ಟ್ರಾಲಿಗೆ ಬ್ರೇಕಿಲ್ಲ. ಮೇಲಿನಿಂದ ಇಬ್ಬರು ಹಿಡಿದಿರಬೇಕು. ಕೆಳಗೆ ದಾರಿ ತೋರಿಸುವವನು ಎದುರಿಗೆ ನಿಲ್ಲದೆ ಬದಿಯಲ್ಲಿ ನಿಲ್ಲಬೇಕು. ಬದಿಗೆ ಜಾಗವಿಲ್ಲದ ಮೆಟ್ಟಿಲಾದರೆ ಆ ದಿನ ಟ್ರಾಲಿ ಟೆಂಪೋದಲ್ಲೇ ಇರಲಿ.

ಮಡಚುವ ಅಲ್ಯುಮಿನಿಯಂ ಟ್ರಾಲಿ ರಟ್ಟಿನ ಪೆಟ್ಟಿಗೆಗೆ ಮಾತ್ರ. ಅದರ ಕೆಳಗಿನ ತಟ್ಟೆಯ ತಿರುಗಣಿಯೇ ಮೊದಲು ಬಾಗುವುದು. ನಮ್ಮ ಕಡೆಗೆ ಹೆಚ್ಚು ಹೊಂದುವುದು ಹತ್ತಿಂಚಿನ ಗಾಳಿ ಟಯರಿನ ಎರಡು ಚಕ್ರದ ಕಬ್ಬಿಣದ ಟ್ರಾಲಿ. ಇಂಟರ್‌ಲಾಕ್ ಅಂಗಳದಲ್ಲಿ, ಜಲ್ಲಿ ಹಾಕಿದ ದಾರಿಯಲ್ಲಿ ಅದು ಸಿಕ್ಕಿಬೀಳುವುದಿಲ್ಲ. ಸಮುದ್ರದ ಗಾಳಿಗೆ ಬೇರಿಂಗು ಬೇಗ ತುಕ್ಕು ಹಿಡಿಯುವುದರಿಂದ ಮೇ ತಿಂಗಳಲ್ಲಿ ಒಮ್ಮೆ, ಮಳೆಯ ನಡುವೆ ಒಮ್ಮೆ ಬಿಚ್ಚಿ ಗ್ರೀಸ್ ತುಂಬಿಸಬೇಕು. ಗಾಳಿ ಒಂದು ಬದಿಗೆ ಕಡಿಮೆಯಾದರೂ ಕಪಾಟು ಆ ಕಡೆಗೇ ವಾಲುತ್ತದೆ. ಬೆಳಗ್ಗೆ ಹೊರಡುವಾಗಲೇ ಎರಡೂ ಟಯರು ಒತ್ತಿ ನೋಡಿ.

ಹೆಗಲ ಬೆಲ್ಟಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಒಳ್ಳೆಯ ಸಾಮಾನೇ ಜಾಗ ತಪ್ಪಿದರೆ ಅಪಾಯಕಾರಿಯಾಗುವುದಕ್ಕೆ ಇದು ಉದಾಹರಣೆ. ಇಬ್ಬರು ಹೆಗಲಿಗೆ ಪಟ್ಟಿ ಹಾಕಿಕೊಂಡು, ಅದನ್ನು ಸಾಮಾನಿನ ಅಡಿಯಿಂದ ಹಾಯಿಸಿ, ಮೊಣಕಾಲು ಮಡಚಿ ಎದ್ದರೆ ಭಾರ ಬೆರಳಿನಿಂದ ಹೆಗಲಿಗೂ ಕಾಲಿಗೂ ಬರುತ್ತದೆ. ನೆಲದಿಂದ ನಾಲ್ಕಿಂಚು ಎತ್ತಿದರೆ ಸಾಕು, ಉದ್ದವನ್ನು ಹಾಗೆ ಹೊಂದಿಸಬೇಕು. ಹೆಚ್ಚು ಎತ್ತಿದಷ್ಟೂ ತೂಗಾಡುತ್ತದೆ. ಒಂದೇ ಮಹಡಿಯಲ್ಲಿ, ಒಣಗಿದ ನೆಲದಲ್ಲಿ, ಸೋಫಾ ಮತ್ತು ವಾಷಿಂಗ್ ಮೆಷಿನ್ನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಮೆಟ್ಟಿಲಿನಲ್ಲಿ ಎರಡು ತೊಂದರೆ. ಎತ್ತರದ ಸಾಮಾನನ್ನು ಅಡಿಯಿಂದ ಹೊತ್ತು ಓರೆ ಮಾಡಿದರೆ ಅದರ ಭಾರ ಕೆಳಗಿನವನ ಕಡೆಗೆ ಸರಿಯುತ್ತದೆ. ಕೂಲಿ ಇಬ್ಬರಿಗೂ ಒಂದೇ, ಭಾರ ಮಾತ್ರ ಸಮಪಾಲಲ್ಲ. ಕೆಳಗಿನವನಿಗೆ ಸ್ವಂತ ಕಾಲೇ ಕಾಣುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ಬರಿಗೈಯಲ್ಲಿ ಹಿಡಿದವನು ಜಾರಿದರೆ ಕೈಬಿಟ್ಟು ಬದಿಗೆ ಹಾರಬಹುದು, ಹೆಗಲಿಗೆ ಕಟ್ಟಿಕೊಂಡವನಿಗೆ ಬಿಡಲು ಆಗುವುದಿಲ್ಲ. ಸಾಮಾನು ಬಿದ್ದರೆ ಅವನನ್ನೂ ಎಳೆದುಕೊಂಡೇ ಬೀಳುತ್ತದೆ. ಹಾಗಾಗಿ ಹಾವಸೆ ಹಿಡಿದ ಹೊರಮೆಟ್ಟಿಲಿನಲ್ಲಿ ಹೆಗಲ ಬೆಲ್ಟು ಬೇಡವೇ ಬೇಡ. ಅಲ್ಲಿ ಮೊಣಕೈಗೆ ಸಿಕ್ಕಿಸುವ ಸಾದಾ ಪಟ್ಟಿ ವಾಸಿ, ಕೈ ಇಳಿಸಿದರೆ ಕಳಚಿಕೊಳ್ಳುತ್ತದೆ. ಜೊತೆಗೆ ಮೂರನೆಯವನು ಬೇಕು. ಅವನು ಭಾರ ಮುಟ್ಟಬಾರದು. ಮೆಟ್ಟಿಲು ಎಣಿಸುತ್ತಾ, ‘ನಿಲ್ಲಿ’ ಎನ್ನುವ ಅಧಿಕಾರ ಅವನೊಬ್ಬನಿಗೇ ಇರಬೇಕು. ಹಾವಸೆಯನ್ನು ಹಿಂದಿನ ದಿನವೇ ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಬ್ರಶ್ಶಿನಿಂದ ತಿಕ್ಕಿ ತೊಳೆದಿಡುವಂತೆ ಮನೆಯವರಿಗೆ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಮೆಟ್ಟಿಲಿಗೆ ಗೋಣಿ ಹಾಸುವ ಅಭ್ಯಾಸ ಬಿಡಬೇಕು. ಗೋಣಿಯೇ ಕಾಲಡಿಯಿಂದ ಸರಿಯುತ್ತದೆ.

ಸೊಂಟದ ಪಟ್ಟಿಗೆ ದುಡ್ಡು ಹಾಕಬೇಡಿ. ಅದು ಬೆನ್ನು ಕಾಪಾಡುತ್ತದೆ ಎನ್ನಲು ಆಧಾರವಿಲ್ಲವೆಂದು ಎನ್‌ಐಒಎಸ್‌ಎಚ್ 1994ರಲ್ಲೇ ಹೇಳಿತ್ತು. 2000ದಲ್ಲಿ ಪ್ರಕಟವಾದ, ಸಾವಿರಾರು ಅಂಗಡಿ ಕೆಲಸಗಾರರ ಮೇಲಿನ ಅಧ್ಯಯನದಲ್ಲೂ ಪಟ್ಟಿ ಕಟ್ಟಿದವರಿಗೂ ಕಟ್ಟದವರಿಗೂ ಬೆನ್ನುನೋವಿನಲ್ಲಿ ವ್ಯತ್ಯಾಸ ಕಂಡಿರಲಿಲ್ಲ. ಅದನ್ನು ಕಟ್ಟಿಕೊಂಡ ಹುಡುಗ ತನಗೆ ಹೆಚ್ಚು ಎತ್ತಲು ಆಗುತ್ತದೆ ಎಂದುಕೊಳ್ಳುವುದೇ ದೊಡ್ಡ ನಷ್ಟ.

ಶೂ ಕೊಳ್ಳುವಾಗ ಸುರಕ್ಷಾ ಶೂಗಳ ಭಾರತೀಯ ಮಾನಕವಾದ ಐಎಸ್ 15298ರ ಗುರುತು ನೋಡಿ. ಅದರ ಎರಡನೇ ಭಾಗದ ಪ್ರಕಾರ ಬೆರಳಿನ ಮೇಲಿನ ಟೋಪಿ 200 ಜೂಲ್ ಹೊಡೆತ ತಡೆಯಬೇಕು. ಅಂದರೆ 20 ಕಿಲೋ ವಸ್ತು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಕಪಾಟಿನ ಕಾಲು ಜಾರಿ ಬೆರಳಿಗೆ ಬೀಳುವುದು ಈ ಕೆಲಸದಲ್ಲಿ ಅಪರೂಪವೇ ಅಲ್ಲ, ರಬ್ಬರ್ ಚಪ್ಪಲಿಯಲ್ಲಿ ಕೆಲಸ ಮಾಡುವವನಿಗೆ ಅದೊಂದೇ ಪೆಟ್ಟು ವಾರಗಟ್ಟಲೆ ಕೂಲಿ ತಪ್ಪಿಸುತ್ತದೆ. ದಕ್ಕೆಯಲ್ಲಿ ಮೀನಿನ ಕೆಲಸದವರು ಹಾಕುವ ಗಂಬೂಟು ಒದ್ದೆಯಲ್ಲಿ ಹಿಡಿತ ಕೊಟ್ಟರೂ ಸಾದಾ ಗಂಬೂಟಿನಲ್ಲಿ ಬೆರಳಿಗೆ ಟೋಪಿಯಿಲ್ಲ, ಅದು ಬದಲಿಯಲ್ಲ. ಒಬ್ಬೊಬ್ಬರಿಗೂ ಅವರವರ ಅಳತೆಯದ್ದೇ ಕೊಡಬೇಕು. ಸಾರ್ವಜನಿಕ ಶೂ ಯಾರೂ ಹಾಕುವುದಿಲ್ಲ. ಮಳೆಗಾಲಕ್ಕೆ ಎರಡು ಜೊತೆ ಇದ್ದರೆ ಒಂದು ಒಣಗುತ್ತದೆ, ಇಲ್ಲವಾದರೆ ಕಾಲಿನ ಬೆರಳ ಸಂದಿ ಹುಣ್ಣಾಗಿ ಮೂರನೇ ದಿನ ಮತ್ತೆ ಚಪ್ಪಲಿ.

ಗ್ಲೌಸಿನಲ್ಲಿ ಚುಕ್ಕಿ ಚುಕ್ಕಿಯ ಹತ್ತಿ ಗ್ಲೌಸು ಅಗ್ಗ, ಆದರೆ ನೀರು ಕುಡಿದರೆ ಜಾರುತ್ತದೆ. ಅಂಗೈಗೆ ಸುಕ್ಕುಸುಕ್ಕಾದ ಲೇಟೆಕ್ಸ್ ಲೇಪ ಇರುವುದನ್ನು ತೆಗೆದುಕೊಳ್ಳಿ. ಗಾಜಿನ ಟೇಬಲ್ಲಿಗೆ ರಬ್ಬರ್ ಹೀರಿಕೆಯ ಹಿಡಿಕೆ ಬಳಸುವ ಕಚೇರಿ ಸಾಗಣೆಯವರು ಗಾಜನ್ನು ಒರೆಸಿ ಒಣಗಿಸಿಯೇ ಅಂಟಿಸಬೇಕು. ಧೂಳಿನಲ್ಲೂ ತೇವದಲ್ಲೂ ಅದು ಹೇಳದೆ ಕೇಳದೆ ಬಿಡುತ್ತದೆ.

ಟೆಂಪೋಗೆ ಹತ್ತಿಸುವ ಹಲಗೆ ಯಾವ ಅಂಗಡಿಯ ಸೆಟ್ಟಿನಲ್ಲೂ ಬರುವುದಿಲ್ಲ, ಮಾಡಿಸಿಕೊಳ್ಳಬೇಕು. ಅಡಿಕೆ ಮರದ ಸಲಾಕೆ ಜೋಡಿಸಿ ಏರಿಸುವುದು ಕೈಗೆ ಸಿಗುವ ಉಪಾಯ, ಆದರೆ ಮಳೆಯಲ್ಲಿ ಅದರ ಮೇಲೆ ಕಾಲು ನಿಲ್ಲದು. ಟೆಂಪೋದಲ್ಲಿ ಸಾಮಾನು ಇಡುವ ಡೆಕ್ಕಿನ ಎತ್ತರ 75 ಸೆಂ.ಮೀ. ಇದ್ದರೆ ಹಲಗೆ 3 ಮೀಟರ್ ಉದ್ದ ಇರಲಿ, ಒಂದಕ್ಕೆ ನಾಲ್ಕರ ಏರು ಸಿಗುತ್ತದೆ. ಎರಡು ಅಡಿ ಅಗಲದ ಪ್ಲೈವುಡ್ಡಿನ ಅಡಿಗೆ ಉದ್ದಕ್ಕೆ ಎರಡು ಮರದ ಪಕ್ಕಾಸು ಕೊಡದಿದ್ದರೆ ನಡುವೆ ಕುಸಿಯುತ್ತದೆ. ಮೇಲೆ ಅರ್ಧ ಅಡಿಗೊಂದು ರೀಪು ಹೊಡೆಸಿ, ಚಕ್ರ ಹೋಗುವ ಎರಡು ಅಂಚು ಬಿಟ್ಟು, ನಡುವೆ ಕಾಲಿಡುವಲ್ಲಿ ಮಾತ್ರ. ಮೇಲಿನ ತುದಿಗೆ ಕಬ್ಬಿಣದ ಕೊಕ್ಕೆ ಕಡ್ಡಾಯ, ಇಲ್ಲವಾದರೆ ಭಾರ ಏರುವಾಗ ಹಲಗೆ ಹಿಂದಕ್ಕೆ ಸರಿದು ಬೀಳುತ್ತದೆ.

ಶಿರಾಡಿ ಘಾಟಿ ದಾಟುವ ಲೋಡಿಗೆ 50 ಮಿ.ಮೀ. ರ‍್ಯಾಚೆಟ್ ಬೆಲ್ಟು ಸಾಕಷ್ಟು ಒಳ್ಳೆಯದು, ನೈಲಾನ್ ಹಗ್ಗ ಎಳೆತಕ್ಕೆ ಉದ್ದವಾಗಿ ತಿರುವಿನಲ್ಲಿ ಸಡಿಲಾಗುತ್ತದೆ. ಹರಿದ ಅಂಚು, ಓದಲಾಗದ ಲೇಬಲ್ಲು ಇದ್ದರೆ ಕತ್ತರಿಸಿ ಬಿಸಾಡಿ. ಬದಿಗಿಟ್ಟರೆ ಯಾರಾದರೂ ಮತ್ತೆ ಬಳಸುತ್ತಾರೆ. ಹೊರಟು ಸ್ವಲ್ಪ ದೂರದಲ್ಲಿ, ಪಡೀಲಿನ ಹತ್ತಿರವೋ ಫರಂಗಿಪೇಟೆಯಲ್ಲೋ, ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು. ಹೊಸದಾಗಿ ಜೋಡಿಸಿದ ಸಾಮಾನು ಮೊದಲ ಕುಲುಕಾಟಕ್ಕೇ ಕೂತುಕೊಳ್ಳುತ್ತದೆ.

ಬ್ಯಾಟರಿಗೆ ಬೇರೆಯೇ ಒಂದು ಪ್ಲಾಸ್ಟಿಕ್ ಕ್ರೇಟು ಇರಲಿ. ಇನ್‌ವರ್ಟರ್ ಬಂದ್ ಮಾಡಿ, ಪ್ಲಗ್ಗು ತೆಗೆದು, ಮೊದಲು ನೆಗೆಟಿವ್ ತಂತಿ, ಆಮೇಲೆ ಪಾಸಿಟಿವ್ ಬಿಚ್ಚಿ. ಎರಡೂ ತುದಿಗೆ ಟೇಪು ಸುತ್ತಿ, ಬ್ಯಾಟರಿ ನೆಟ್ಟಗೇ ನಿಂತಿರುವಂತೆ ಇಬ್ಬರು ಎತ್ತಿ. ಓರೆಯಾದರೆ ಮುಚ್ಚಳದ ಸಂದಿನಿಂದ ಆಸಿಡ್ ಬರುತ್ತದೆ. ಚೆಲ್ಲಿದ ನೆಲಕ್ಕೆ ಹಾಕಲು ಅರ್ಧ ಕಿಲೋ ಅಡುಗೆ ಸೋಡಾ, ಚರ್ಮಕ್ಕೋ ಕಣ್ಣಿಗೋ ಬಿದ್ದರೆ ಸುರಿಯಲು ಹತ್ತು ಲೀಟರಿನ ನೀರಿನ ಕ್ಯಾನ್ ಟೆಂಪೋದ ಮುಂದಿನ ಸೀಟಿನ ಕೆಳಗೇ ಇರಬೇಕು. ಕಣ್ಣಿಗೆ ಬಿದ್ದರೆ ಸೋಡಾ ಹಾಕಬೇಡಿ, ನೀರು ಮಾತ್ರ. ಕ್ಯಾನ್ ಖಾಲಿಯಾದರೆ ಮನೆಯ ನಲ್ಲಿಯಲ್ಲಿ, ಕನಿಷ್ಠ ಹದಿನೈದು ನಿಮಿಷ ತೊಳೆಯುತ್ತಲೇ ಇದ್ದು, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.