ಸಲಹೆ ಇಬ್ಬರಿಗೂ, ಹೇಳಿಕೆ ಒಬ್ಬನಿಗೆ: ಮೈಸೂರಿನ ಒಂದು ಉಚಿತ ಕಾನೂನು ಸಲಹಾ ಕೇಂದ್ರ

ಮೈಸೂರಿನಲ್ಲಿ ನಾಗರಿಕ ಹಕ್ಕುಗಳ ಸಂಘಟನೆಯೊಂದು ಭಾನುವಾರ ಬೆಳಿಗ್ಗೆ ನಡೆಸುವ ಉಚಿತ ಕಾನೂನು ಸಲಹಾ ಕೇಂದ್ರಕ್ಕೆ ನಾನು ಎರಡು ಬಾರಿ ಹೋಗಬೇಕಾಯಿತು. ಮೊದಲ ಸಲ ಮಂಡ್ಯದ ನನ್ನ ಅಕ್ಕನ ಮಗನೊಡನೆ, ನಾಲ್ಕು ತಿಂಗಳ ಮೇಲೆ ಪಕ್ಕದ ಮನೆಯ ಹುಡುಗನೊಡನೆ. ಫೇಸ್‌ಬುಕ್ ಬರಹದ ಕಾರಣಕ್ಕೆ ಇಬ್ಬರ ಮೇಲೂ ಭಾರತೀಯ ನ್ಯಾಯ ಸಂಹಿತೆಯ 196ನೆಯ ಕಲಮಿನಡಿ, ಅಂದರೆ ಗುಂಪುಗಳ ನಡುವೆ ದ್ವೇಷ ಹರಡಿದ ಆರೋಪದಡಿ, ದೂರು ದಾಖಲಾಗಿತ್ತು. ಅಕ್ಕನ ಮಗ ಎಡಪಂಥದವನು, ಪಕ್ಕದ ಮನೆಯವನು ಬಲಪಂಥದವನು. ಎದುರುಬದುರು ಕೂರಿಸಿದರೆ ಕಾಫಿ ಆರುವ ಮೊದಲೇ ಜಗಳ.

ಸಲಹೆಯ ಗುಣಮಟ್ಟದಲ್ಲಿ ಕೊರತೆಯಿಲ್ಲ. ಪೊಲೀಸರು ಕೊಟ್ಟ ನೋಟೀಸನ್ನು ವಕೀಲೆ ಎರಡು ಸಲ ಓದಿದರು. ಏಳು ವರ್ಷದವರೆಗೆ ಶಿಕ್ಷೆಯಿರುವ ಅಪರಾಧಗಳಲ್ಲಿ ಬಂಧನ ಯಾಂತ್ರಿಕವಾಗಿ ಆಗಬಾರದೆಂದು 2014ರ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದನ್ನು ತಿಳಿಸಿ, ಬರಹವನ್ನು ಗಾಬರಿಯಿಂದ ಅಳಿಸದೆ ಅದರ ಪ್ರತಿ ತೆಗೆದಿಟ್ಟುಕೊಳ್ಳಿ ಎಂದರು. ಜೆರಾಕ್ಸಿನ ಖರ್ಚು ಮಾತ್ರ ನಮ್ಮದು. ಕಾಯುವ ಜಾಗ ಇಕ್ಕಟ್ಟು, ಅದು ದೊಡ್ಡ ಮಾತಲ್ಲ.

ಗೋಡೆಯ ಪೋಸ್ಟರುಗಳನ್ನು ನೋಡಿ ಪಕ್ಕದ ಮನೆಯ ಹುಡುಗ ಬಾಗಿಲಲ್ಲೇ ನಿಂತ. "ಮೇಷ್ಟ್ರೇ, ಇದು ನಮ್ಮವರ ಜಾಗ ಅಲ್ಲ ಅನ್ಸುತ್ತೆ" ಎಂದ. ವಕೀಲೆಗೆ ಅದು ಕೇಳಿಸಿತೆಂದು ಕಾಣುತ್ತದೆ. ಎಡಪಂಥೀಯ ವಾರಪತ್ರಿಕೆ 'ಕ್ರಾಸ್ ರೋಡ್ಸ್' ಮೇಲೆ ಮದ್ರಾಸ್ ಸರ್ಕಾರ ಹೇರಿದ್ದ ನಿಷೇಧವನ್ನೂ, ಆರ್‌ಎಸ್‌ಎಸ್ ಕಡೆಯ 'ಆರ್ಗನೈಸರ್' ವಾರಪತ್ರಿಕೆಯ ಮೇಲೆ ದೆಹಲಿಯ ಆಡಳಿತ ಹೇರಿದ್ದ, ಅಚ್ಚಿಗೆ ಮೊದಲೇ ಬರಹ ತೋರಿಸಬೇಕೆಂಬ ಪೂರ್ವಪರಿಶೀಲನೆಯನ್ನೂ ಸುಪ್ರೀಂ ಕೋರ್ಟ್ 1950ರ ಮೇ 26ರಂದು, ಒಂದೇ ದಿನ, ರದ್ದುಗೊಳಿಸಿತೆಂದು ಅವರು ವಿವರಿಸಿದಾಗ ಹುಡುಗ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು ಕುಳಿತ. ಠಾಣೆಗೂ ಅವರೇ ಜೊತೆಗೆ ಬಂದರು.

ನನ್ನ ತಕರಾರು ಠಾಣೆಯ ಹೊರಗಿನದು. ಅಕ್ಕನ ಮಗನ ಪರವಾಗಿ ಎರಡೇ ದಿನದಲ್ಲಿ ಸಂಘಟನೆಯ ಪತ್ರಿಕಾಗೋಷ್ಠಿ ನಡೆದು ಖಂಡನಾ ಹೇಳಿಕೆ ಹೊರಬಿತ್ತು. ಹುಡುಗನ ಪರವಾಗಿ ಒಂದು ಸಾಲೂ ಬರಲಿಲ್ಲ. ಕೇಳಿದರೆ ಹಿರಿಯರೊಬ್ಬರು, "ಅವನು ಬರೆದಿರುವುದನ್ನು ನಾವು ಒಪ್ಪುವುದಿಲ್ಲವಲ್ಲ" ಎಂದರು. ಒಪ್ಪಿ ಎಂದು ಯಾರು ಕೇಳಿದರು? 1977ರಲ್ಲಿ ಅಮೆರಿಕದ ಸ್ಕೋಕಿ ಎಂಬ ಊರಿನಲ್ಲಿ, ಹಿಟ್ಲರನ ಶಿಬಿರಗಳಿಂದ ಬದುಕುಳಿದ ಯಹೂದಿಗಳು ಬಹಳ ಮಂದಿಯಿದ್ದ ಕಡೆ, ಮೆರವಣಿಗೆ ಮಾಡಹೊರಟ ನಾಜಿಗಳ ಹಕ್ಕಿಗಾಗಿ ಅಲ್ಲಿನ ನಾಗರಿಕ ಸ್ವಾತಂತ್ರ್ಯ ಸಂಘಟನೆ ಬಹಿರಂಗವಾಗಿಯೇ ವಾದಿಸಿ, ಸಾವಿರಾರು ಸದಸ್ಯರನ್ನು ಕಳೆದುಕೊಂಡಿತು. ಅಷ್ಟು ಬೆಲೆ ತೆರಿ ಎಂದು ಮೈಸೂರಿನವರಿಗೆ ಹೇಳುವಷ್ಟು ನಿರ್ದಯಿ ನಾನಲ್ಲ. 'ಬರಹವನ್ನು ವಿರೋಧಿಸುತ್ತೇವೆ, ಪ್ರಕರಣವನ್ನೂ ವಿರೋಧಿಸುತ್ತೇವೆ' ಎಂಬ ಎರಡು ಸಾಲು ಸಾಕಿತ್ತು. ಸಂಘಟನೆಯ ಸದಸ್ಯರು ತಮ್ಮ ರಾಜಕೀಯವನ್ನು ಮನೆಯಲ್ಲಿ ಬಿಟ್ಟು ಬರಬೇಕೆಂದೂ ನಾನು ಹೇಳುತ್ತಿಲ್ಲ. ತಮಗೆ ಒಗ್ಗದವನಿಗೆ ಗುಟ್ಟಾಗಿ ಕೊಟ್ಟ ನೆರವು ಅಂಥ ಇನ್ನೊಬ್ಬನ ಕಿವಿಗೆ ಬೀಳುವುದೇ ಇಲ್ಲ ಎಂಬುದಷ್ಟೇ ನನ್ನ ಆಕ್ಷೇಪ.

ಕಾನೂನು ಸಲಹೆಗೆ ಐದಕ್ಕೆ ಐದು ಅಂಕ, ನಿಷ್ಪಕ್ಷಪಾತಕ್ಕೆ ಮೂರು. ಹೋಗುವವರು ನೋಟೀಸಿನ ಎರಡು ಪ್ರತಿ ಇಟ್ಟುಕೊಂಡು ಬೇಗ ಹೋಗುವುದು ಒಳ್ಳೆಯದು. ಹುಡುಗನ ಪ್ರಕರಣವನ್ನು ಈಗಲೂ ಅದೇ ವಕೀಲೆ ಶುಲ್ಕವಿಲ್ಲದೆ ನೋಡಿಕೊಳ್ಳುತ್ತಿದ್ದಾರೆ. ಹುಡುಗ ಮಾತ್ರ ತನ್ನ ಗೆಳೆಯರಿಗೆ ಆ ಕೇಂದ್ರದ ಹೆಸರನ್ನು ಇನ್ನೂ ಹೇಳಿಲ್ಲ.