ಮೇಟಗಳ್ಳಿಯ ಬೋರ್ಡಿಲ್ಲದ ಜಾವಾ ಗ್ಯಾರೇಜು: ಕೆಲಸಕ್ಕೆ ಫುಲ್ ಮಾರ್ಕ್ಸ್, ತಾರೀಖಿಗೆ ಸೊನ್ನೆ

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿಗೆ ಹೆಸರಿಲ್ಲ. ಬೋರ್ಡೂ ಇಲ್ಲ. ಮೈಸೂರಿನ ಮೇಟಗಳ್ಳಿ ಕಡೆ ಹೋಗಿ, ಹಳೇ ಜಾವಾ ಬೈಕ್ ರಿಪೇರಿ ಎಲ್ಲಿ ಅಂತ ಟೀ ಅಂಗಡಿಯಲ್ಲಿ ಕೇಳಿದರೆ ತೋರಿಸುತ್ತಾರೆ. ಶೀಟ್ ಹೊದಿಸಿದ ಶೆಡ್ಡು, ಮುಂದೆ ಹೊಂಗೆ ಮರ, ಮರದ ಕೆಳಗೆ ಬಣ್ಣ ಹೋದ ಟ್ಯಾಂಕುಗಳ ಸಾಲು. ಒಳಗೆ ಮೇಸ್ತ್ರಿ ಒಬ್ಬರೇ.

ನಾನು ಬೈಕ್ ಓಡಿಸುವವಳಲ್ಲ. ಓಡಿಸುವವರು ನನ್ನ ತಮ್ಮ ಮತ್ತು ಅವನ ಸ್ನೇಹಿತ. ಹೋದ ಡಿಸೆಂಬರ್‌ನಲ್ಲಿ ಜೈಸಲ್ಮೇರ್ ಕಡೆ ಗೆಳೆಯರ ಗುಂಪೊಂದು ಹಳೆಯ ಬೈಕುಗಳಿಗಂತಲೇ ಮೂರು ದಿನದ ಮರಳು ರ್‍ಯಾಲಿ ಇಟ್ಟುಕೊಂಡಿತ್ತು. ತಮ್ಮನಿಗೆ ಈ ಹುಚ್ಚು ಹಿಡಿಸಿದ್ದು ಮೆಕ್ಸಿಕೊದ ಬಾಜಾ ಅನ್ನುವ ಪರ್ಯಾಯ ದ್ವೀಪ. ಅಲ್ಲಿ 1967ರಲ್ಲಿ ಮೆಕ್ಸಿಕನ್ 1000 ಅಂತ ರೇಸ್ ಶುರುವಾಯಿತು, ತಿಹುವಾನಾದಿಂದ ಲಾ ಪಾಜ್‌ವರೆಗೆ. ಮೊದಲ ಸಲ ಗೆದ್ದ ಡ್ಯೂನ್ ಬಗ್ಗಿಗೆ (ಮರಳಲ್ಲಿ ಓಡಿಸುವ ಹಗುರ ಕಾರು) 27 ಗಂಟೆ 38 ನಿಮಿಷ ಹಿಡಿಯಿತಂತೆ. ಈಗ ಅದೇ ಹೆಸರಿನಲ್ಲಿ ಹಳೆಯ ಗಾಡಿಗಳ ರ್‍ಯಾಲಿ ನಡೆಯುತ್ತದೆ. ಓಡುವ ಗಾಡಿ ಮಣ್ಣಲ್ಲಿ ಹೋದರೆ, ಸಾಮಾನಿನ ಗಾಡಿ ಟಾರು ರಸ್ತೆಯಲ್ಲಿ ಸುತ್ತಿಕೊಂಡು ಹೋಗಿ ಮುಂದೆ ಕಾಯುತ್ತದೆ. ನಮ್ಮದೂ ಅದೇ ಲೆಕ್ಕ. ಸಾಮಾನಿನ ಗಾಡಿ ಅಂದರೆ ಬಾಡಿಗೆ ಪಿಕಪ್, ಅದರ ಸ್ಟೇರಿಂಗ್ ಹಿಂದೆ ನಾನು.

ಇದ್ದದ್ದು ಎರಡು ಬೈಕು. ಒಂದು ಅಪ್ಪನ 1969ರ ಜಾವಾ, ಇನ್ನೊಂದು ಯೆಜ್ಡಿ ರೋಡ್‌ಕಿಂಗ್. ಅಪ್ಪ ಈ ಎರಡೂ ಬೈಕು ತಯಾರಾಗುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಇದ್ದವರು, 1996ರಲ್ಲಿ ಬಾಗಿಲು ಹಾಕುವವರೆಗೂ. ಈ ಮೇಸ್ತ್ರಿ ಕೆಲಸ ಕಲಿತದ್ದೂ ಅಲ್ಲೇ. ಹಾಗಾಗಿ ಗಾಡಿಯನ್ನು ಬೆಂಗಳೂರಿಗೆ ಕಳಿಸುವ ಮಾತೇ ಬರಲಿಲ್ಲ.

ಎರಡೂ ಎಂಜಿನ್ ಬಿಚ್ಚಿ, ಜಾವಾದ ಸಿಲಿಂಡರ್ ಬೋರ್ ಮಾಡಿಸಿ ಹೊಸ ಪಿಸ್ಟನ್, ಎರಡಕ್ಕೂ ಕ್ಲಚ್ ಪ್ಲೇಟು, ಸೈಲೆನ್ಸರ್ ಒಳಗಿನ ಕಾರ್ಬನ್ ತೆಗೆದಿದ್ದು, ದಾರಿಗೆ ಬೇಕಾದ ಸಾಮಾನು, ಎಲ್ಲ ಸೇರಿ 38,400 ರೂಪಾಯಿ. ಬಿಲ್ ಕೇಳಿದೆ. ಕ್ಯಾಲೆಂಡರ್ ಹಾಳೆ ಹರಿದು ಹಿಂದೆ ಬರೆದುಕೊಟ್ಟರು. ಗೌರಿಹಬ್ಬಕ್ಕೆ ಕೊಡುತ್ತೇನೆ ಅಂದಿದ್ದರು. ದಸರಾ ಮೆರವಣಿಗೆ ಹೋಯಿತು, ದೀಪಾವಳಿ ಪಟಾಕಿಯೂ ಮುಗಿಯಿತು. ಹೋದಾಗಲೆಲ್ಲ "ಇನ್ನೊಂದು ವಾರ ಕಣಮ್ಮ" ಅನ್ನುತ್ತಿದ್ದರು. ಕೈಗೆ ಬಂದಾಗ ಊರು ಬಿಡುವುದಕ್ಕೆ ಹನ್ನೊಂದು ದಿನ ಉಳಿದಿತ್ತು. ನಿಮಗೆ ಹೇಳಿದ ತಾರೀಖಿಗೆ ಎರಡು ತಿಂಗಳು ಸೇರಿಸಿಕೊಳ್ಳಿ.

ಆದರೆ ಆ ಟ್ರಂಕು! ಅದಕ್ಕೋಸ್ಕರವೇ ಇಷ್ಟು ಬರೆಯುತ್ತಿದ್ದೇನೆ. ಹಾಸ್ಟೆಲ್ ಮಕ್ಕಳು ಒಯ್ಯುವಂಥ ತಗಡಿನ ಟ್ರಂಕು. ಒಳಗೆ 31 ಪೊಟ್ಟಣ. ಪೊಟ್ಟಣದ ಮೇಲೆ ಟೇಪ್ ಅಂಟಿಸಿ ಬರೆದಿದ್ದು ಸಾಮಾನಿನ ಹೆಸರಲ್ಲ, ಕಾಯಿಲೆಯ ಹೆಸರು. "ಕಿಕ್ ಹೊಡೆದರೂ ಉಸಿರಿಲ್ಲ." "ಬಿಸಿಯಾದ ಮೇಲೆ ನಿಂತರೆ." "ಚೈನ್ ತುಂಡಾದರೆ." ಕಂಡೆನ್ಸರ್ ಯಾವುದು, ಕಾಯಿಲ್ ಯಾವುದು ಅಂತ ಗೊತ್ತಿಲ್ಲದ ನನ್ನಂಥವಳು ಮರಳಲ್ಲಿ ಒಬ್ಬಳೇ ನಿಂತಿರುತ್ತಾಳೆ ಅಂತ ಆ ಮನುಷ್ಯ ಯೋಚನೆ ಮಾಡಿದ್ದರು. ಅದನ್ನು ನಾನು ಕೇಳಿರಲೂ ಇಲ್ಲ.

ಎರಡನೇ ದಿನ ಹನ್ನೆರಡು ಗಂಟೆಗೆ ಜಾವಾ ನಿಂತುಹೋಯಿತು. ತಮ್ಮ ಕಿಕ್ ಹೊಡೆದು ಹೊಡೆದು ಸುಸ್ತಾಗಿ ಕೂತ. (ಕಿಕ್ಕೂ ಅದೇ, ಗೇರೂ ಅದೇ ಲಿವರ್ ಅಲ್ವಾ, ನೋಡಲು ಬಂದ ಅಲ್ಲಿಯ ಹುಡುಗರಿಗೆ ಅದೇ ದೊಡ್ಡ ತಮಾಷೆ.) ನಾನು "ಬಿಸಿಯಾದ ಮೇಲೆ ನಿಂತರೆ" ಬಿಚ್ಚಿದೆ. ಕಂಡೆನ್ಸರ್, ಪುಟ್ಟ ಸ್ಕ್ರೂಡ್ರೈವರ್, ಉಪ್ಪುಕಾಗದ, ಜೊತೆಗೆ ಒಂದು ದಪ್ಪ ಕಾಗದದ ತುಂಡು. ಇದೇನು ಅಂತ ಮೇಸ್ತ್ರಿಗೆ ಫೋನ್ ಮಾಡಿದೆ.

"ಮದುವೆ ಪತ್ರಿಕೆ ಕಣಮ್ಮ. ಬಲಗಡೆ ಮುಚ್ಚಳ ತೆಗೀರಿ. ಮರಳು ಹೊಕ್ಕಿರ್ತದೆ, ಪಾಯಿಂಟ್ ಉಜ್ಜಿ. ಆಮೇಲೆ ಪತ್ರಿಕೆ ತೂರಿಸಿ ನೋಡಿ. ಜಾರಬೇಕು, ಉದುರಬಾರದು."

ಪಾಯಿಂಟ್ ಅಂದರೆ ಕಿಡಿ ಹಾರಿಸಲು ಕರೆಂಟನ್ನು ಕೂಡಿಸಿ ಕಡಿಯುವ ಎರಡು ಪುಟ್ಟ ಲೋಹದ ತುದಿ. ಅವುಗಳ ನಡುವಿನ ಗ್ಯಾಪ್ ಅಳೆಯುವುದಕ್ಕೆ ಮದುವೆ ಪತ್ರಿಕೆ! ಅದರ ಮೇಲೆ ಇನ್ನೂ ಬಂಗಾರದ ಬಣ್ಣದಲ್ಲಿ "ಚಿ. ಸೌ." ಅಂತ ಇತ್ತು, ಹುಡುಗಿಯ ಹೆಸರು ಮಾತ್ರ ಕತ್ತರಿಗೆ ಹೋಗಿತ್ತು. ಪಾಯಿಂಟ್ ಉಜ್ಜಿ, ಕಂಡೆನ್ಸರ್ ಬದಲಾಯಿಸಿ, ಮೂರನೇ ಕಿಕ್‌ಗೆ ಗಾಡಿ ಎದ್ದಿತು. ನಲವತ್ತು ನಿಮಿಷ ಹೋಯಿತು, ಪರವಾಗಿಲ್ಲ.

ಇವು ಟೂ ಸ್ಟ್ರೋಕ್ ಗಾಡಿಗಳು, ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಅದನ್ನೂ ಮೇಸ್ತ್ರಿಯೇ ಹೇಳಿಕೊಟ್ಟಿದ್ದರು. ಇಲ್ಲಿ ಲೀಟರಿಗೆ 40 ಎಂಎಲ್ ಹಾಕಿದರೆ ಅಲ್ಲಿ 50 ಹಾಕಿ ಅಂದರು. ಮರಳಲ್ಲಿ ಗಾಡಿ ನಿಧಾನ ಹೋಗುತ್ತದೆ, ಗಾಳಿ ಬಡಿಯುವುದಿಲ್ಲ, ಎಂಜಿನ್ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ ಅನ್ನುವುದು ಅವರ ಲೆಕ್ಕ. ಹಾಲು ಸೋಸುವ ಬಟ್ಟೆಯನ್ನೂ ಟ್ರಂಕಿಗೆ ಹಾಕಿದ್ದರು. ಕ್ಯಾನ್ ಬಾಯಿಗೆ ಅದನ್ನು ಕಟ್ಟದೆ ಸುರಿದಿದ್ದರೆ ಪೆಟ್ರೋಲ್ ಜೊತೆ ಮರಳೂ ಟ್ಯಾಂಕಿಗೆ ಇಳಿಯುತ್ತಿತ್ತು. ಗಾಳಿ ಹಾಗೆ ಬೀಸುತ್ತದೆ. ಸಂಜೆ ಏರ್ ಫಿಲ್ಟರ್ ತೊಳೆಯುವುದು, ಮುಳ್ಳು ಚುಚ್ಚಿದ ಟ್ಯೂಬ್ ಬದಲಾಯಿಸುವುದು ಇದ್ದದ್ದೇ. ಜಾವಾಕ್ಕೆ 16 ಇಂಚು, ರೋಡ್‌ಕಿಂಗ್‌ಗೆ 18, ಟ್ಯೂಬುಗಳ ಮೇಲೆ ಅದನ್ನೂ ಚಾಕ್‌ನಲ್ಲಿ ದೊಡ್ಡದಾಗಿ ಬರೆದಿದ್ದರು.

ಇಷ್ಟೆಲ್ಲ ಮಾಡಿದವರು ಒಂದು ಕಡೆ ಎಡವಿದರು. ಮೂರನೇ ದಿನ ರೋಡ್‌ಕಿಂಗ್‌ನ ಕ್ಲಚ್ ಕೇಬಲ್ ಕಿತ್ತಿತು. ಪೊಟ್ಟಣ ಬಿಚ್ಚಿದರೆ ಒಳಗಿದ್ದದ್ದು ಬೇರೆ ಗಾಡಿಯ ಕೇಬಲ್, ಒಂದು ಗೇಣು ಗಿಡ್ಡ. ಗಂಟೆ ಎರಡು. ಮೇಸ್ತ್ರಿ ಊಟ ಮಾಡಿ ಮಲಗುವ ಹೊತ್ತು, ಫೋನ್ ಸ್ವಿಚ್ ಆಫ್. ಕೊನೆಗೆ ಜೋಧಪುರದಿಂದ ಬಂದಿದ್ದ ತಂಡದವರು ಒಂದು ಕೇಬಲ್ ಕೊಟ್ಟರು. ಎರಡು ಗಂಟೆ ದಂಡವಾಯಿತು. ಆ ಎರಡು ಗಂಟೆ ನಾನು ಬೈದಿದ್ದು ಮೇಸ್ತ್ರಿಗೆ ಕೇಳಿಸಿರಲಿಕ್ಕಿಲ್ಲ.

ವಾಪಸ್ ಬಂದು ಟ್ರಂಕ್ ಇಳಿಸಿದೆ. "ಎಷ್ಟು ಬಿಚ್ಚಿದ್ರಿ?" ಅಂದರು. ಒಂಬತ್ತು. ಬಿಚ್ಚದ 22 ಪೊಟ್ಟಣ ಎಣಿಸಿ ತೆಗೆದುಕೊಂಡು 6,150 ರೂಪಾಯಿ ವಾಪಸ್ ಕೊಟ್ಟರು. ಗಿಡ್ಡ ಕೇಬಲ್ ಕೈಗಿಟ್ಟೆ. ಬೆಳಕಿಗೆ ಹಿಡಿದು ನೋಡಿ, "ಥೂ, ನನ್ ಕನ್ನಡಕ" ಅಂತ ಅದರ ದುಡ್ಡನ್ನೂ ಸೇರಿಸಿದರು.

ಹೋಗುವುದಾದರೆ ಬೆಳಿಗ್ಗೆ ಹತ್ತರೊಳಗೆ ಹೋಗಿ. ಕೇಬಲ್‌ಗಳನ್ನು ಅವರ ಎದುರೇ ಗಾಡಿಗೆ ಹಿಡಿದು ಅಳೆಯಿರಿ. 2018ರ ಮೇಲೆ ಬಂದ ಹೊಸ ಜಾವಾ ಮಾತ್ರ ಒಯ್ಯಬೇಡಿ. ಫೋರ್ ಸ್ಟ್ರೋಕ್ ಗಾಡಿಯನ್ನು ಅವರು ಹೊಂಗೆ ಮರದ ನೆರಳಿಗೂ ಬಿಟ್ಟುಕೊಳ್ಳುವುದಿಲ್ಲ.