ಟಿ480ಗೆ ರ‍್ಯಾಮ್: 16 ಜಿಬಿ ಒಂದೋ, 8 ಜಿಬಿ ಎರಡೋ?

ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಕೊಂಡರೆ ಎಷ್ಟೋ ಸಲ ಒಳಗೆ 8 ಜಿಬಿಯ ಒಂದೇ ರ‍್ಯಾಮ್ (ಮೆಮೊರಿ) ಸ್ಟಿಕ್ ಇರುತ್ತದೆ, ಪಕ್ಕದ ಸ್ಲಾಟ್ ಖಾಲಿ. ಇನ್ನೊಂದು 8 ಸೇರಿಸುವುದೋ, ಇರುವುದನ್ನು ತೆಗೆದು 16 ಒಂದನ್ನೇ ಹಾಕುವುದೋ, ಅಥವಾ 8ರ ಪಕ್ಕ 16 ಕೂರಿಸುವುದೋ? ಮೂರನ್ನೂ ಇದೇ ಮಾದರಿಯಲ್ಲಿ ಹಾಕಿ ನೋಡಿದ ಮೇಲೆ ಬರೆಯುತ್ತಿರುವುದಿದು.

ಒಂಟಿ 16 ಕೊನೆಯ ಆಯ್ಕೆ. ಡಿಡಿಆರ್4-2400 (ಇದರಲ್ಲಿ ಓಡುವ ರ‍್ಯಾಮಿನ ಬಗೆ, 2400 ಅದರ ವೇಗ) ಸ್ಟಿಕ್ ಒಂದೇ ಇದ್ದರೆ ಸೆಕೆಂಡಿಗೆ ಗರಿಷ್ಠ 19.2 ಜಿಬಿ ಡೇಟಾ ಸಾಗುತ್ತದೆ. ಎರಡೂ ಸ್ಲಾಟ್ ತುಂಬಿದರೆ ಎರಡು ಚಾನೆಲ್ (ಡೇಟಾ ಸಾಗುವ ದಾರಿ) ಸಿಕ್ಕಿ 38.4. ಪ್ರೊಸೆಸರ್‌ನೊಳಗಿನ ಯುಎಚ್‌ಡಿ 620 ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮಿನಲ್ಲಿ ಪಾಲು ಕೇಳುತ್ತದೆ. ಬ್ರೌಸರ್, ಎಕ್ಸೆಲ್‌ನಲ್ಲಿ ವ್ಯತ್ಯಾಸ ಕಾಣದು. ಆದರೆ ಆಟ ಆಡುವಾಗ, 4ಕೆ ಮಾನಿಟರ್ ಜೋಡಿಸಿದಾಗ ಎದ್ದು ಕಾಣುತ್ತದೆ. ಮುಂದೆ ಇನ್ನೊಂದು 16 ತಂದು 32 ಮಾಡುವುದು ಖಚಿತವಿದ್ದರೆ ಮಾತ್ರ ಇದನ್ನು ಕೊಳ್ಳಿ.

8+8 ಹೆಚ್ಚಿನವರಿಗೆ ಸಾಕು, ಖರ್ಚೂ ಕಡಿಮೆ. ಕಂಪನಿ ಬೇರೆಯಾದರೂ ನಡೆಯುತ್ತದೆ. 3200ರ ಸ್ಟಿಕ್ ಹಾಕಿದರೂ ಓಡುವುದು 2400ರಲ್ಲೇ, ಅದಕ್ಕೆಂದು ಹೆಚ್ಚು ದುಡ್ಡು ಕೊಡಬೇಡಿ.

8+16 ಬೆಸ ಜೋಡಿ, ಕೂಡದು ಎನ್ನುತ್ತಾರೆ. ಅದು ತಪ್ಪು ತಿಳಿವಳಿಕೆ. ಇಂಟೆಲ್‌ನ ಫ್ಲೆಕ್ಸ್ ಮೋಡ್‌ನಲ್ಲಿ 16 ಜಿಬಿ ಜೋಡಿ ಚಾನೆಲ್‌ನಲ್ಲೂ ಉಳಿದ 8 ಒಂಟಿ ಚಾನೆಲ್‌ನಲ್ಲೂ ಕೆಲಸ ಮಾಡುತ್ತದೆ. ವರ್ಚುವಲ್ ಮಷೀನ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನಂತೆ ಓಡುವ ತಂತ್ರಾಂಶ) ಓಡಿಸುವವರಿಗೆ ನಮ್ಮ ಶಿಫಾರಸು ಇದೇ.

ಬಿಚ್ಚುವ ಮೊದಲು ಚಾರ್ಜರ್ ಕಿತ್ತು, ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್‌ಗೆ (ಯಂತ್ರದ ಮೂಲ ಸೆಟ್ಟಿಂಗ್‌ಗಳ ಪುಟ) ಹೋಗಿ. ಕಾನ್ಫಿಗ್, ಪವರ್ ಒಳಗೆ ಡಿಸೇಬಲ್ ಬಿಲ್ಟ್-ಇನ್ ಬ್ಯಾಟರಿ ಒತ್ತಿದರೆ ಯಂತ್ರ ತಾನೇ ಆರುತ್ತದೆ. ಹಿಂದಿನ ಬ್ಯಾಟರಿಯನ್ನಷ್ಟೇ ತೆಗೆದರೆ ಸಾಲದು, ಮುಂಭಾಗದಲ್ಲಿ ಇನ್ನೊಂದಿದೆ. ತಳದ 6 ಸ್ಕ್ರೂಗಳನ್ನು ಸಡಿಲಿಸಿದರೆ ಸಾಕು, ಅವು ಮುಚ್ಚಳದಲ್ಲೇ ಉಳಿಯುತ್ತವೆ. ಅಂಚಿನ ಕೊಂಡಿಗಳನ್ನು ಹಳೆಯ ಎಟಿಎಂ ಕಾರ್ಡಿನಿಂದ ಬಿಡಿಸಿ; ಸ್ಕ್ರೂಡ್ರೈವರ್ ತೂರಿಸಿದರೆ ಮುರಿಯುತ್ತವೆ.

ಹಳೆಯದನ್ನು ತೆಗೆಯಲು ಎರಡೂ ಬದಿಯ ಕ್ಲಿಪ್‌ಗಳನ್ನು ಹೊರಕ್ಕೆ ಸರಿಸಿ, ಸ್ಟಿಕ್ ತಾನೇ ಮೇಲೇಳುತ್ತದೆ. ಹೊಸದನ್ನು ಸೀಳು ಹೊಂದಿಸಿ ಓರೆಯಾಗಿ ಪೂರ್ತಿ ಒಳಗೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ: ಅರ್ಧ ತಳ್ಳಿ ಒತ್ತಿದರೂ ಕ್ಲಿಪ್ ಕೂರುವುದುಂಟು, ಆದರೆ ಪರದೆ ಕಪ್ಪಾಗಿಯೇ ಇರುತ್ತದೆ, ಬೀಪ್ ಸದ್ದು ಬರುತ್ತದೆ. ಬಂಗಾರ ಬಣ್ಣದ ಪಟ್ಟಿಗಳು ಒಂದು ಬದಿ ಹೆಚ್ಚು ಕಂಡರೆ ಸ್ಟಿಕ್ ಸೊಟ್ಟ ಕೂತಿದೆ ಎಂದರ್ಥ.

ಚಾರ್ಜರ್ ಚುಚ್ಚಿದರೆ ಒಳಬ್ಯಾಟರಿ ಮತ್ತೆ ಜೀವ ಪಡೆಯುತ್ತದೆ. ಮೊದಲ ಸಲ ಪರದೆ ಬೆಳಗುವುದು ತಡವಾಗಬಹುದು, ಗಾಬರಿಯಿಂದ ಆರಿಸಬೇಡಿ. ಚಾನೆಲ್ ಎರಡಿದೆಯೇ ಎಂದು ಸಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ನೋಡಿ, ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿ. ಒಂದೇ ಒಂದು ತಪ್ಪು ಬಂದರೂ ಸ್ಟಿಕ್ ವಾಪಸ್ ಕೊಡಿ.

ಕೊಳ್ಳುವಾಗ ಹೆಸರು ನೋಡಿಕೊಳ್ಳಿ: ಟಿ480ಎಸ್ ಬೇರೆ ಯಂತ್ರ, ಅದರಲ್ಲಿ ಸ್ಲಾಟ್ ಒಂದೇ.